ಹನ್ನೊಂದು ಚೌಕಟ್ಟು, ಎಪ್ಪತ್ತೊಂದು ಚೂರು

ನನ್ನ ನೋಟ್‌ಬುಕ್ಕಿನಲ್ಲಿ ಎಡಪುಟ ಲೆಕ್ಕಕ್ಕೆ, ಬಲಪುಟ ಮಾತಿಗೆ. ಪಿಯುಸಿಯಿಂದ ಹೀಗೇ ನಡೆದುಬಂದಿದೆ. ಎಡಪುಟದಲ್ಲಿ ವಾರ, ತಾರೀಖು, ಎಷ್ಟು ಪುಟ ಓದಿದೆ, ಎಷ್ಟು ಪ್ರಶ್ನೆ ತಪ್ಪಿದವು, ಬಸ್ಸು ಎಷ್ಟು ನಿಮಿಷ ತಡ ಎಂಬುದೆಲ್ಲ ಇರುತ್ತದೆ. ಬಲಪುಟ ಎಷ್ಟೋ ದಿನ ಖಾಲಿ. ಕಳೆದ ಚಳಿಗಾಲದ ಒಂದು ಗುರುವಾರದ ಪುಟ ಮಾತ್ರ ಉಲ್ಟಾ ಆಗಿದೆ. ಎಡಕ್ಕೆ ಒಂದೇ ಸಾಲು: “ಹಲಗೆ ಹನ್ನೊಂದು, ನಿಂತದ್ದು ಸೊನ್ನೆ.” ಬಲಕ್ಕೆ ಜಾಗ ಸಾಲದೆ ಅಂಚಿನಲ್ಲೂ ಅಡ್ಡಡ್ಡ ಬರೆದಿದ್ದೇನೆ.

ನನ್ನ ಮನೆ ಸುರಪುರ. ಶಹಾಪುರದಲ್ಲಿ ಪರೀಕ್ಷೆಯ ತರಬೇತಿಗೆ ಸೇರಿದ್ದರಿಂದ ಆಗ ಸಗರದಲ್ಲಿ ಚಿಗವ್ವನ ಮನೆಯಲ್ಲಿ ಉಳಿದಿದ್ದೆ. ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಅವಳ ಗಂಡ, ನಮ್ಮ ಚಿಗಪ್ಪ, ಕುರಿ ಕಾಯುವವನು. ದೀಪಾವಳಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಹೊರಟರೆ ಮಳೆ ಬೀಳುವ ಹೊತ್ತಿಗೇ ತಿರುಗಿ ಬರುವುದು. ಅಲ್ಲಿಯವರೆಗೆ ಅವರವರ ಹೊಲದಲ್ಲಿ ಹಟ್ಟಿ ಹಾಕುತ್ತ, ಮೇವು ಕಂಡಲ್ಲಿ ನಿಲ್ಲುತ್ತ ಹೋಗುತ್ತಾನೆ. ಸಂಜೆಗೊಮ್ಮೆ ಫೋನು ಮಾಡುತ್ತಾನೆ. ಆ ಫೋನಿಗಾಗಿ ಚಿಗವ್ವ ಒಂದು ಇದ್ದಿಲು ಚೂರು ಹಿಡಿದು ಕೂತಿರುತ್ತಿದ್ದಳು.

“ನಿಲ್ಲು ನಿಲ್ಲು. ಹುಣಸಿ ಗಿಡ ಹಳ್ಳದ ಈ ಕಡಿಗಿ ಐತೋ, ಆ ಕಡಿಗೋ?”

“ನಿನಗ್ಯಾಕ ಬೇಕು ಅದು? ಕುರಿ ಹೆಂಗ ಅದಾವ ಅಂತ ಕೇಳು.”

“ಕುರಿ ಇದ್ದಂಗ ಇರ್ತಾವ. ಗಿಡ ಹೇಳು.”

ಹೀಗೆ ಕೇಳಿ ಕೇಳಿ, ತಾನು ಎಂದೂ ಕಾಣದ ಊರುಗಳ ಬಯಲನ್ನು ಅವಳು ಬರೆಯುತ್ತಿದ್ದಳು. ಕಿರಾಣಿ ಅಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿ, ಇದ್ದಿಲು, ಸುಣ್ಣ, ಕೆಮ್ಮಣ್ಣು, ಒಂದಿಷ್ಟು ಅರಿಶಿನ. ಕುರಿಗಳು ಜೋಳದ ಕಾಳಿನಷ್ಟೇ. ಚಿಗಪ್ಪ ಎಂದರೆ ಕಂಬಳಿ ಹೊದ್ದ ಒಂದು ಗೀಟು. ಮಳೆಗಾಲದಲ್ಲಿ ಮನೆಗೆ ಬಂದಾಗ ಅವನು ಒಂದೊಂದನ್ನೂ ಕೈಯಲ್ಲಿ ಹಿಡಿದು, “ಈ ಬಾವಿ ಇಷ್ಟು ಸಮೀಪ ಇಲ್ಲ” ಎಂದು ತಪ್ಪು ತೆಗೆಯುತ್ತಿದ್ದನಂತೆ.

ಅದಕ್ಕೂ ಎರಡು ವರ್ಷ ಹಿಂದೆ ಯಾದಗಿರಿಯಲ್ಲಿ ಚಿತ್ರ ಪ್ರದರ್ಶನವಿದೆ, ಯಾರು ಬೇಕಾದರೂ ಕೊಡಬಹುದು ಎಂದು ಯಾರೋ ಹೇಳಿದ್ದರಿಂದ ಚಿಗವ್ವ ತನ್ನ ಹಾಳೆಗಳನ್ನು ಸುರುಳಿ ಸುತ್ತಿ, ಉಣ್ಣೆಯ ದಾರ ಕಟ್ಟಿ ಒಬ್ಬಳೇ ಹೋಗಿದ್ದಳು. ಚೌಕಟ್ಟು ಇಲ್ಲದ ಚಿತ್ರ ತೂಗುಹಾಕಲಾಗದು ಎಂದು ಮೇಜಿನ ಹಿಂದಿದ್ದವರು ಹೇಳಿದರು. ಅದು ಸರಿಯಾದ ಮಾತೇ. ಆದರೆ ಸುರುಳಿಯ ಹೊರಮೈಯಲ್ಲಿ ತಾರೀಖುಗಳಿದ್ದವಲ್ಲ, ಹಿಂದೆ ಸಾಲಿನಲ್ಲಿ ನಿಂತವರೊಬ್ಬರು, “ಕ್ಯಾಲೆಂಡರ್ ಮಾರಾಕ ಬಂದೀರೇನ್ರಿ?” ಎಂದರಂತೆ. ಆಮೇಲೆ ಹೆಚ್ಚುಕಡಿಮೆ ಎರಡು ವರ್ಷ ಅವಳು ಇದ್ದಿಲು ಮುಟ್ಟಲಿಲ್ಲ. ಗಂಡ ಫೋನಿನಲ್ಲಿ ಹಳ್ಳ, ಗಿಡ ಎಂದು ತಾನಾಗಿಯೇ ಹೇಳಿದರೂ “ಹೂಂ” ಅಂದು ಬಿಡುತ್ತಿದ್ದಳಂತೆ. ಆ ಸಲದ ದೀಪಾವಳಿಯಿಂದ ಮತ್ತೆ ಶುರುವಾಗಿ, ಹನ್ನೆರಡು ಹಾಳೆಯ ಕ್ಯಾಲೆಂಡರಿನಲ್ಲಿ ಹನ್ನೊಂದು ಹಾಳೆ ತುಂಬಿದ್ದವು.

ಪ್ರದರ್ಶನದ ಆ ವರ್ಷದ ಅರ್ಜಿಯನ್ನು ತಂದವಳು ನಾನು. ಷರತ್ತುಗಳನ್ನು ಓದಿ ಹೇಳಿದೆ: ಮರದ ಚೌಕಟ್ಟು ಇರಬೇಕು, ಹಿಂಬದಿ ಮುಚ್ಚಿರಬೇಕು, ತೂಗುಹಾಕಲು ತಂತಿ ಇರಬೇಕು, ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ತಲುಪಬೇಕು. ಚಿಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ನಿನ್ನ ಸಲುವಾಗಿ ಒಂದ್ಸಲ ನೋಡೂಣು. ಈ ಸಲನೂ ತಿರಗಿ ಬಂದ್ರ ನಾ ಇನ್ನ ಬರಿಯಂಗಿಲ್ಲ. ಹಾಳಿ ಒಲಿ ಹಚ್ಚಾಕ ಆಕ್ಕಾವ.”

ಸಿಟ್ಟಿನಿಂದ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಲ್ಲು ಆರಿಸುತ್ತ ಹೇಳಿದ್ದರಿಂದ ನಂಬಿದೆ.

ಶಹಾಪುರದ ಚೌಕಟ್ಟಿನ ಅಂಗಡಿಗೆ ಇಬ್ಬರೂ ಹೋದೆವು. ಹನ್ನೊಂದಕ್ಕೆ ಎಷ್ಟಾಗುತ್ತದೆಂದು ಕೇಳಿದ ಚಿಗವ್ವ, “ಎರಡು ಟಗರಮರಿ ರೊಕ್ಕ ಆತಲ್ಲ” ಎಂದು ಎದ್ದಳು. ನಾವೇ ಮಾಡಿಕೊಳ್ಳುವುದು ಎಂದು ಬಸ್ಸಿನಲ್ಲೇ ತೀರ್ಮಾನವಾಯಿತು.

ಊರಿನಲ್ಲಿ ಒಬ್ಬ ಬಡಿಗೇರ ಅಜ್ಜ ಇದ್ದಾರೆ. ಜೀವಮಾನವೆಲ್ಲ ಬಾಗಿಲು, ಹೊರಸು, ಕೂರಿಗೆ ಮಾಡಿದವರು. ಬಾಗಿಲು ಮಾಡಿ ಉಳಿದ ಬೇವಿನ ಉದ್ದನೆಯ ಪಟ್ಟಿಗಳು ಅವರ ಛಪ್ಪರದ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಕೇಳಿದ್ದಕ್ಕೆ, “ಒಯ್ಯಿರಿ, ಒಲಿಗೆ ಹೋಗಾವು. ಬೇವು ಐತಿ, ಹುಳಾ ಮುಟ್ಟಂಗಿಲ್ಲ” ಎಂದರು. ವನದುರ್ಗದಲ್ಲಿ ಒಂದು ಮನೆಯ ಬಾಗಿಲ ಕೆಲಸ ಇದ್ದುದರಿಂದ ತಮಗೆ ಕೊಯ್ದು ಕೊಡಲಾಗದು, ಬುಧವಾರದವರೆಗೆ ಗರಗಸ ಬೇಕಾದರೆ ಇಲ್ಲೇ ಕೂತು ಬಳಸಿಕೊಳ್ಳಿ ಅಂದರು. ಮೂಲೆ ಕೂಡಬೇಕಾದರೆ ತುದಿಗಳನ್ನು ಓರೆಯಾಗಿ ಕೊಯ್ಯಬೇಕಲ್ಲ, ಅದಕ್ಕೆ ಮೂರು ಹಲಗೆ ಜೋಡಿಸಿ ಸಣ್ಣ ದೋಣಿಯಂಥದ್ದು ಮಾಡಿ, ಅದರ ಗೋಡೆಯಲ್ಲಿ ಎರಡು ಓರೆ ಸೀಳು ಹಾಕಿದರು. ಸೀಳಿನಲ್ಲಿ ಗರಗಸ ಇಟ್ಟರೆ ಕೈ ಎತ್ತ ಹೋದರೂ ಕೊಯ್ತ ಓರೆಯೇ ಬರುತ್ತದೆ.

ನಾನು ಚೀಟಿಯಲ್ಲಿ ಅಳತೆ ಬರೆದುಕೊಟ್ಟೆ: ಒಳಗೆ ಹನ್ನೆರಡು ಇಂಚು, ಹದಿನೆಂಟು ಇಂಚು. ಕ್ಯಾಲೆಂಡರ್ ಹಾಳೆಯ ಅಳತೆ ಅಷ್ಟೇ. ಅಜ್ಜ ಚೀಟಿ ನೋಡಿದರು. ತುಟಿ ಸ್ವಲ್ಪ ಹೊತ್ತು ಅಲ್ಲಾಡಿತು. ಆಮೇಲೆ ಎರಡು ಕಡ್ಡಿ ಕೊಯ್ದು ನನ್ನ ಕೈಗಿಟ್ಟರು.

“ಇದು ಉದ್ದ, ಇದು ಅಡ್ಡ. ಟೇಪು ಬ್ಯಾಡ. ಟೇಪು ಜೋಲು ಬೀಳ್ತೈತಿ. ಕಡ್ಡಿ ಇಟ್ಟು ಗೀಟು ಹೊಡಿರಿ.”

ಅಂಗಡಿಯ ಚಿಲ್ಲರೆಯನ್ನೂ ಎರಡು ಸಲ ಎಣಿಸುವ ನಾನು ಆ ಕಡ್ಡಿಗಳನ್ನು ಅಳೆದು ನೋಡಲಿಲ್ಲ. ಅಷ್ಟು ವಯಸ್ಸಾದ ಬಡಿಗೇರರು ಕೊಟ್ಟ ಕಡ್ಡಿಗೆ ಟೇಪು ಹಿಡಿಯುವುದು ಸರಿ ಕಾಣಲಿಲ್ಲ.

ಎಡಪುಟ ಹೀಗಿದೆ. ಭಾನುವಾರ: ಒಂಬತ್ತು ಪಟ್ಟಿ, ಕೆಟ್ಟದ್ದು ನಾಲ್ಕು. ಸೋಮವಾರ: ಹದಿಮೂರು, ಕೆಟ್ಟದ್ದು ಒಂದು. ಮಂಗಳವಾರ: ಹನ್ನೆರಡು, ಕೆಟ್ಟದ್ದಿಲ್ಲ. ಬುಧವಾರ: ಹತ್ತು, ಕೆಟ್ಟದ್ದು ಒಂದು. ಕೆಟ್ಟದ್ದನ್ನು ಬಿಟ್ಟು ಒಟ್ಟು ನಲವತ್ತನಾಲ್ಕು. ನಾವು ಮೊದಲು ಪಟ್ಟಿಯನ್ನು ನೇರ ತುಂಡು ಮಾಡಿ ಆಮೇಲೆ ಎರಡೂ ತುದಿ ಓರೆ ಕೊಯ್ಯುತ್ತಿದ್ದೆವು. ಹಾಗಾಗಿ ಪ್ರತಿ ತುದಿಗೂ ಒಂದು ಮುಕ್ಕೋನ ಚೂರು ಬೀಳುತ್ತಿತ್ತು. ಮಂಗಳವಾರ ಅಜ್ಜ ಅದನ್ನು ನೋಡಿ ನಕ್ಕರು. ಪಟ್ಟಿ ಮಗುಚಿ ಕೊಯ್ದರೆ ಒಂದು ಓರೆಯಲ್ಲೇ ಎರಡು ತುದಿ ಆಗುತ್ತವೆ, ಚೂರು ಬೀಳುವುದೇ ಇಲ್ಲ ಎಂದು ತೋರಿಸಿದರು. ಅಷ್ಟರಲ್ಲಿ ನಮ್ಮ ಕೈ ನಮ್ಮ ದಾರಿಗೆ ಬಿದ್ದಿತ್ತು. ಸರಿಬಂದ ಪಟ್ಟಿಗಳಿಂದ ಬಿದ್ದ ಚೂರುಗಳನ್ನು ನಾನು ಎಣ್ಣೆಯ ಖಾಲಿ ಡಬ್ಬಿಗೆ ಹಾಕಿಡುತ್ತಿದ್ದೆ. ಎಂಬತ್ತೆಂಟು.

“ಚೂರಾ ಯಾಕ ಎಣಿಸ್ತಿ?” ಎಂದು ಚಿಗವ್ವ ಕೇಳಿದಳು.

“ಕೊಯ್ತ ಎಷ್ಟಾದುವು ಅಂತ ಗೊತ್ತಾಗ್ತದಲ್ಲ.”

“ನಿಮ್ಮವ್ವ ನಿನ್ನ ಹಡೆಯೂವಾಗ ಲೆಕ್ಕದ ಮಾಸ್ತರನ ಮಾರಿ ನೋಡಿರಬೇಕು.”

ಹಿಂಬದಿಗೆ ತೆಳು ಹಲಗೆ ಶಹಾಪುರದಲ್ಲಿ ತಂದೆ. ಚೌಕಟ್ಟಿನ ಹಿಂದೆ ಸುತ್ತಲೂ ಅರ್ಧ ಇಂಚು ಕೂರಲಿ ಎಂದು ಒಂದೊಂದನ್ನೂ ಹದಿಮೂರು, ಹತ್ತೊಂಬತ್ತಕ್ಕೆ ಕೊಯ್ಯಿಸಿದೆ. ಅಂಗಡಿಯಲ್ಲೇ ಟೇಪು ಹಿಡಿದು ಹನ್ನೊಂದನ್ನೂ ನೋಡಿದೆ. ಸರಿಯಾಗಿದ್ದವು. ಬುಧವಾರ ಮಧ್ಯಾಹ್ನ ಮೂಲೆಗಳಿಗೆ ಅಂಟು ಹಾಕಿ, ಮೊಳೆ ಹೊಡೆದು, ಚೌಕಟ್ಟುಗಳನ್ನು ಗೋಡೆಗೆ ಸಾಲಾಗಿ ಒರಗಿಸಿದೆವು.

ಗುರುವಾರ ಮುಂಜಾನೆ ಅಂಗಳದಲ್ಲಿ ಒಂದು ಚೌಕಟ್ಟು ಬೋರಲು ಇಟ್ಟು ಹಲಗೆಯನ್ನು ಮೇಲಿಟ್ಟೆ. ಹಲಗೆ ಟಪ್ಪೆಂದು ಒಳಗೆ ಬಿತ್ತು. ಚೌಕಟ್ಟು ಎತ್ತಿದರೆ ಹಲಗೆ ನೆಲದಲ್ಲೇ ಉಳಿಯಿತು. ಎರಡನೆಯದೂ ಹಾಗೇ. ಮೂರನೆಯದೂ. ನಾನು ಒಂದೂ ಬಿಡದೆ ಹನ್ನೊಂದನ್ನೂ ಇಟ್ಟು ನೋಡಿದೆ. ಯಾಕೆ ನೋಡಿದೆನೋ ಗೊತ್ತಿಲ್ಲ. ಚಿಗವ್ವ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು.

“ಹಟ್ಟಿ ಬಾಗಲಾ ತಗದ್ರ ಕುರಿ ಹೊಂಟಂಗ ಹೊಂಟಾವ ನೋಡು” ಎಂದಳು.

ನಗಿಸಲು ಹೇಳಿದಳು. ಆದರೆ ಎದ್ದು ಒಳಗೆ ಹೋಗಿ, ಚಿತ್ರಗಳನ್ನು ಹಾಸಿಟ್ಟಿದ್ದ ಕೌದಿಯನ್ನು ಅವುಗಳ ಮೇಲೆ ಮಡಚಿ ಮುಚ್ಚಿದಳು.

ಟೇಪು ಹಿಡಿದೆ. ಚೌಕಟ್ಟಿನ ಒಳಗಿನ ಅಳತೆ ಹದಿಮೂರು, ಹತ್ತೊಂಬತ್ತು. ಕಡ್ಡಿಗಳೂ ಅಷ್ಟೇ ಇದ್ದವು. ಇಬ್ಬರೂ ಅಜ್ಜನ ಛಪ್ಪರಕ್ಕೆ ಹೋದೆವು. ಅವರು ವನದುರ್ಗಕ್ಕೆ ಹೊರಡಲು ಚೀಲಕ್ಕೆ ಉಳಿ, ಸುತ್ತಿಗೆ ತುಂಬುತ್ತಿದ್ದರು.

“ಅಜ್ಜಾ, ಅಳತಿ ತಪ್ಪೈತ್ರಿ. ನಾ ಹನ್ನೆರಡು ಹದಿನೆಂಟು ಬರದಿದ್ನಿ.”

“ತಪ್ಪಿಲ್ಲವ್ವ. ನಾನಾ ಒಂದೊಂದು ಇಂಚು ಹೆಚ್ಚು ಹಿಡದೀನಿ.”

“ಯಾಕ್ರಿ?”

“ನಿನ್ನ ಅಳತಿಗೆ ಆಯ ಬರಂಗಿಲ್ಲ. ಶೇಷ ನೋಡಿ ಮನಿಗೆ ಒಳ್ಳೇದೋ ಕೆಟ್ಟದೋ ಹೇಳೂ ಲೆಕ್ಕ ಅದು. ಹನ್ನೆರಡು ಹದಿನೆಂಟ್ಲೆ ಎಷ್ಟು?”

“ಎರಡು ನೂರಾ ಹದಿನಾರು.”

“ಎಂಟರ್ಲೆ ಭಾಗಿಸು.”

“ಇಪ್ಪತ್ತೇಳು. ಶೇಷ ಸೊನ್ನಿ.”

“ಸೊನ್ನಿ ಉಳಿಯೋ ಚೌಕಟ್ಟ ಈ ಕೈಲೆ ಯಾರ ಮನಿಗೂ ಕೊಟ್ಟಿಲ್ಲ. ಈಗ ಹದಿಮೂರು ಹತ್ತೊಂಬತ್ಲೆ ಮಾಡು.”

ನೋಟ್‌ಬುಕ್ಕು ಕೈಯಲ್ಲೇ ಇತ್ತು. ಎರಡು ನೂರಾ ನಲವತ್ತೇಳು. ಎಂಟರಿಂದ ಭಾಗಿಸಿದರೆ ಮೂವತ್ತು, ಶೇಷ ಏಳು.

“ಏಳು. ಆನಿ ಆಯ. ಮನಿಗೆ ಚಲೋ” ಎಂದರು ಅಜ್ಜ, ನಾನು ಪರೀಕ್ಷೆಯಲ್ಲಿ ಪಾಸಾದೆ ಎಂಬಂತೆ.

“ಇದು ಬಾಗಿಲಲ್ಲರಿ ಅಜ್ಜಾ. ಚಿತ್ರ.”

“ಗ್ವಾಡಿಗಿ ಹಚ್ಚೂದಲ್ಲೇನು? ಗ್ವಾಡಿಗಿ ಹಚ್ಚಿದ್ದೆಲ್ಲಾ ಮನಿದಾ.”

ಹಲಗೆಗಳು ಹಾದುಹೋಗುತ್ತವೆ ಎಂದಾಗ ಮಾತ್ರ ಅವರ ಮುಖ ಸಣ್ಣಗಾಯಿತು. ಹಲಗೆ ಮೊದಲೇ ಕೊಯ್ಯಿಸಿ ತಂದದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಮೂಲೆ ಬಿಚ್ಚಿ, ಪಟ್ಟಿಗಳನ್ನು ಒಂದಿಂಚು ಮೋಟು ಮಾಡಿದರೆ ಆಯಿತು, ನಾಳೆ ಗರಗಸ ಕೊಡಿ ಎಂದು ಕೇಳಿದೆ.

“ನಾಳೆ ಅಮಾಸಿ.”

ಅಮಾವಾಸ್ಯೆಯ ದಿನ ಅವರು ಹತ್ಯಾರುಗಳನ್ನು ತೊಳೆದು, ಕುಂಕುಮ ಹಚ್ಚಿ ಮಲಗಿಸಿಬಿಡುತ್ತಾರೆ. “ತಿಂಥಣಿ ಮೌನಪ್ಪನ ಗದ್ದಿಗಿ ಮುಂದ ಉಳಿ ಇಟ್ಟು ಕಲ್ತ ಕಸಬು. ಅಮಾಸಿಗೆ ನಾ ಮುಟ್ಟಂಗಿಲ್ಲ, ಮುಟ್ಟಾಕ ಕೊಡಂಗಿಲ್ಲ. ಬ್ಯಾರೆ ಏನಾರ ಕೇಳು ತಂಗಿ.” ಕೇಳಲು ಬೇರೆ ಏನೂ ಇರಲಿಲ್ಲ. ಅವತ್ತಿಗಂತೂ ಗರಗಸ ಅವರ ಜೊತೆ ವನದುರ್ಗಕ್ಕೆ ಹೊರಟಿತ್ತು. ಹೊಸ ಹಲಗೆ ತರೋಣವೆಂದರೆ ಇದ್ದ ದುಡ್ಡೆಲ್ಲ ಈ ಹಲಗೆಗೇ ಹೋಗಿತ್ತು.

“ಅಮಾಸಿ ಅಂತ ನಾ ಸೋಮವಾರನಾ ಹೇಳಿದ್ನಲ್ಲ” ಎಂದಳು ಚಿಗವ್ವ, ತಿರುಗಿ ಬರುವ ದಾರಿಯಲ್ಲಿ.

“ಯಾವಾಗ?”

“ನೀ ಚೂರು ಎಣಸಾಕತ್ತಿದ್ದಿ.”

ಶುಕ್ರವಾರ ಮುಂಜಾನೆ ನಾನು ಎದ್ದಾಗ ಚಿಗವ್ವ ಒಲೆಯ ಮುಂದೆ ಇದ್ದಳು. ಒಲೆ ಹಚ್ಚಿರಲಿಲ್ಲ. ಡಬ್ಬಿ ಅವಳ ಪಕ್ಕದಲ್ಲಿತ್ತು. ದಿನವೂ ಒಲೆ ಹೊತ್ತಿಸಲು ಅವಳು ನನ್ನ ಚೂರುಗಳನ್ನೇ ತೆಗೆಯುತ್ತಿದ್ದಳೆಂದು ಆಗ ಗೊತ್ತಾಯಿತು. ಬೇವು ಒಣಗಿತ್ತು, ಚೆನ್ನಾಗಿ ಹತ್ತುತ್ತಿತ್ತಂತೆ. ಆದರೆ ಈಗ ಎರಡು ಚೂರು ಕೈಯಲ್ಲಿ ಹಿಡಿದು ಅವಳು ಗೋಡೆಗೆ ಒರಗಿದ್ದ ಚೌಕಟ್ಟನ್ನು ನೋಡುತ್ತಿದ್ದಳು.

“ಕುರಿ ಹಾದು ಹೋಗೂ ಬಾಗಲಕ್ಕ ಏನ್ ಮಾಡ್ತೀವಿ?”

“ಏನ್ ಮಾಡ್ತೀವಿ?”

“ಅಡ್ಡ ಕೊಡ್ತೀವಿ.”

ಚೌಕಟ್ಟನ್ನು ಬೋರಲು ಇಟ್ಟು, ಹಲಗೆಯನ್ನು ಒಳಗೆ ಇಳಿಸಿದಳು. ಹಲಗೆಯೂ ಹದಿಮೂರು ಹತ್ತೊಂಬತ್ತು, ಕಂಡಿಯೂ ಅಷ್ಟೇ. ಹಲಗೆಯ ಕೆಳಗೆ ಮಡಿಸಿದ ಬಟ್ಟೆ ಕೊಟ್ಟು ಎತ್ತರಿಸಿದಾಗ ಹಲಗೆ ಹಿಂಬದಿಗೆ ಸರಿಸಮ ಬಂತು. ಮುಕ್ಕೋನ ಚೂರನ್ನು ಪಟ್ಟಿಯ ಮೇಲೆ ಅರ್ಧ, ಹಲಗೆಯ ಮೇಲೆ ಅರ್ಧ ಬರುವಂತೆ ಇಟ್ಟು ಹೆಬ್ಬೆರಳಿಂದ ಒತ್ತಿ ಹಿಡಿದಳು. ಚೂರಿಗೆ ಅಂಟು ಹಾಕಿ, ಪಟ್ಟಿಯ ಕಡೆ ಒಂದು ಮೊಳೆ ಹೊಡೆದರೆ ಹಲಗೆ ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ.

ಗರಗಸ ಬೇಕಿರಲಿಲ್ಲ.

ಉದ್ದ ಬದಿಗೆ ಎರಡೆರಡು, ಅಡ್ಡ ಬದಿಗೆ ಒಂದೊಂದು. ಒಂದು ಚೌಕಟ್ಟಿಗೆ ಆರು. ಹನ್ನೊಂದಕ್ಕೆ ಅರವತ್ತಾರು. ಡಬ್ಬಿಯನ್ನು ಚಾಪೆಯ ಮೇಲೆ ಸುರುವಿ ನಾನು ಎಣಿಸುತ್ತಿದ್ದಾಗ ಚಿಗವ್ವ ಹೊರಗೆ ಉರುಳಿದವನ್ನು ಚಾಪೆಗೆ ತಳ್ಳುತ್ತಿದ್ದಳು. ಎಪ್ಪತ್ತೊಂದು. ಇನ್ನೆರಡು ದಿನ ಒಲೆಗೆ ಹೀಗೇ ಹೋಗಿದ್ದರೆ ಸಾಲುತ್ತಿರಲಿಲ್ಲ.

“ಹದಿನೇಳು ಸುಟ್ಟೀನೇನು?” ಎಂದಳು.

“ಚಹಾ ಚಲೋ ಆಗಿತ್ತು” ಎಂದೆ. ಆ ವಾರದಲ್ಲಿ ಅವಳು ಮೊದಲ ಸಲ ಮನಸ್ಸು ಬಿಚ್ಚಿ ನಕ್ಕದ್ದು ಆಗ.

ಮೊದಲ ಚೂರು ಮೊಳೆ ಹೊಡೆದ ಕೂಡಲೇ ಸೀಳಿತು. ಎರಡನೆಯದೂ ಸೀಳಿತು. ಉಳಿದದ್ದು ಅರವತ್ತೊಂಬತ್ತು. ಚಿಗವ್ವ ಗೋಣಿಚೀಲ ಹೊಲಿಯುವ ದಬ್ಬಣ ತಂದು, ಒಲೆಯಲ್ಲಿ ಕೆಂಪಗೆ ಕಾಯಿಸಿ, ಚೂರಿಗೆ ಒತ್ತಿದಳು. ಸುಯ್ಯೆಂದು ಹೊಗೆ ಎದ್ದು ಸಣ್ಣ ತೂತು ಬಿತ್ತು. ತೂತಿನಲ್ಲಿ ಮೊಳೆ ಇಟ್ಟರೆ ಬೇವು ಸೀಳಲಿಲ್ಲ. ಅವಳು ತೂತು ಸುಡುವುದು, ನಾನು ಅಂಟು ಹಚ್ಚಿ, ಖಾರ ಅರೆಯುವ ಗುಂಡಕಲ್ಲಿನಿಂದ ಮೊಳೆ ಬಡಿಯುವುದು. ಅಮಾವಾಸ್ಯೆ ದಿನ ನಾವು ಬಡಿಯಬಹುದೇ ಎಂಬ ಅಳುಕು ನನಗಿತ್ತು. ಕೇಳಿದೆ.

“ಬಡಿಗ್ಯಾರಿಗೆ ಐತಿ. ಕುರಿಗೆ ಅಮಾಸಿ ಐತೇನು? ಮೇಯಾಕ ಬಿಡಲಿಲ್ಲಂದ್ರ ಒದರ್ತಾವ. ಬಡಿ.”

ಮಧ್ಯಾಹ್ನದ ಹೊತ್ತಿಗೆ ಹನ್ನೊಂದೂ ಮುಗಿದವು. ನಡುವೆ ಇನ್ನೊಂದು ಚೂರು ಸೀಳಿತ್ತು. ಉಳಿದದ್ದು ಎರಡು. ಹಾಳೆಗಿಂತ ಹಲಗೆ ದೊಡ್ಡದಾದ್ದರಿಂದ ಚಿತ್ರದ ಸುತ್ತ ಅರ್ಧ ಇಂಚು ಹಲಗೆ ಬತ್ತಲೆ ಕಾಣುತ್ತಿತ್ತು. ಚಿಗವ್ವ ಕೆಮ್ಮಣ್ಣು ಕಲಸಿ, ಮನೆಯ ಗೋಡೆಗೆ ಬುಡದಲ್ಲಿ ಅಂಚು ಹೊಡೆಯುವಂತೆ, ಆ ಅರ್ಧ ಇಂಚಿಗೆ ಬಳಿದಳು. ಒಣಗಿದ ಮೇಲೆ ಹಾಳೆಗಳನ್ನು ಅಂಟಿಸಿ, ಹಿಂದೆ ತಂತಿ ಕಟ್ಟಿ, ಗೋಡೆಗೆ ಸಾಲಾಗಿ ನಿಲ್ಲಿಸಿ ದೂರ ಸರಿದು ನೋಡಿದೆವು. ಅವು ನನಗೆ ಕಿಟಕಿಗಳ ಹಾಗೆ ಕಂಡವು. ಚಿಗವ್ವ ಒಂದೊಂದರ ಬೆನ್ನನ್ನು ತಟ್ಟಿ ಸದ್ದು ಕೇಳಿದಳು.

ಶನಿವಾರ ಮೊದಲ ಬಸ್ಸಿಗೆ ನಿಂತೆವು. ಎರಡು ಕೌದಿಯ ಗಂಟು, ಒಂದರಲ್ಲಿ ಆರು, ಇನ್ನೊಂದರಲ್ಲಿ ಐದು. ಬಡಿಗೇರ ಅಜ್ಜ ಆ ಹೊತ್ತಿಗೇ ಬಸ್ಸಿನ ಕಟ್ಟೆಯ ಮೇಲೆ ಬಂದು ಕೂತಿದ್ದರು. ಗಂಟಿನ ಬಾಯಿ ಸಡಿಲಿಸಿ, ಒಂದು ಚೌಕಟ್ಟಿನ ಬೆನ್ನ ಮೇಲೆ ಕೈಯಾಡಿಸಿದರು. ಒಂದು ಚೂರನ್ನು ಉಗುರಿನಿಂದ ಎಬ್ಬಿಸಲು ನೋಡಿದರು. ಅದು ಏಳಲಿಲ್ಲ.

“ಒಳ ಅಳತಿ ಹಂಗಾ ಐತೆಲ್ಲ?”

“ಹಂಗಾ ಐತ್ರಿ. ಶೇಷ ಏಳು.”

“ಹಂಗಾರ ಹೋಗಿ ಬರ್ರಿ. ತಿರಗಿ ತರಬ್ಯಾಡ್ರಿ.”

ಶಹಾಪುರದಲ್ಲಿ ಬಸ್ಸು ಬದಲಿಸಿ ಯಾದಗಿರಿ ಮುಟ್ಟಿದಾಗ ಹತ್ತೂ ಇಪ್ಪತ್ತು. ದಾರಿಯುದ್ದಕ್ಕೂ ರಸ್ತೆಯ ಪ್ರತಿ ತಗ್ಗಿಗೂ ಚಿಗವ್ವ ಗಂಟನ್ನು ತೊಡೆಯಿಂದ ಮೇಲೆ ಎತ್ತಿ ಹಿಡಿಯುತ್ತಿದ್ದಳು. ಪ್ರದರ್ಶನದ ಹಾಲಿನ ಬಾಗಿಲಲ್ಲಿ ಮೇಜು, ಮೇಜಿನ ಹಿಂದೆ ಎರಡು ವರ್ಷದ ಹಿಂದಿನವರೇ. ಅವರಿಗೆ ಚಿಗವ್ವನ ಗುರುತು ಸಿಗಲಿಲ್ಲ. ಅವಳಿಗೆ ಸಿಕ್ಕಿತು. ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನ ಹಿಂದೆ ನಿಂತಳು.

ಅವರು ಚಿತ್ರವನ್ನು ನೋಡುವ ಮೊದಲು ಬೆನ್ನು ನೋಡಿದರು. ಚೌಕಟ್ಟು ಎತ್ತಿ ಅಲ್ಲಾಡಿಸಿದರು. ಹಲಗೆಯನ್ನು ಹೆಬ್ಬೆರಳಿಂದ ಒತ್ತಿದರು. ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಕೊನೆಯದರ ಅಂಟು ಪೂರ್ತಿ ಒಣಗಿದೆಯೋ ಇಲ್ಲವೋ ಎಂಬ ಅನುಮಾನ ನನಗಿತ್ತು.

“ಹಿಂದ ಇವೇನ್ರೀ, ಹಲ್ಲಿದ್ದಂಗ?”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಚಿಗವ್ವ ಹೇಳಿದಳು: “ಅಡ್ಡ ಕೊಟ್ಟೀವ್ರಿ. ಹಾದು ಹೋಗಬಾರ್ದಂತ.”

“ಗಟ್ಟಿ ಅದಾವ ಬಿಡ್ರಿ” ಎಂದು ಅವರು ಹತ್ತನೆಯದನ್ನು ಕೆಳಗಿಟ್ಟರು. ಹನ್ನೊಂದನೆಯದನ್ನೂ ಒತ್ತಿದರು. ಅಲ್ಲಾಡಲಿಲ್ಲ. ಆಮೇಲೆ ಅದನ್ನು ತಿರುಗಿಸಿ, ಮೊದಲ ಸಲ ಚಿತ್ರವನ್ನು ನೋಡಿದರು. ಸ್ವಲ್ಪ ಹೊತ್ತು ನೋಡಿದರು. “ಇದು ಯಾವ ಊರ್ರಿ?”

“ನಾ ನೋಡಿಲ್ರಿ” ಎಂದಳು ಚಿಗವ್ವ.

ಅವರು ನಕ್ಕು ರಶೀದಿ ಬರೆದರು. ಚಿತ್ರ ಹನ್ನೊಂದು, ಚೌಕಟ್ಟು ಸಹಿತ. ಚಿಗವ್ವ ಸಹಿ ಮಾಡಿದಳು. ನಾನು ರಶೀದಿಯನ್ನು ಮೂರು ಸಲ ಓದಿ ನೋಟ್‌ಬುಕ್ಕಿನ ನಡುವೆ ಇಟ್ಟೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಚಿಗವ್ವ ಖಾಲಿ ಕೌದಿಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ತಿಂದೆವು. ನಾನು ಎರಡು, ಅವಳು ನಾಲ್ಕು. ಮೂರು ದಿನದಿಂದ ತಾನು ಸರಿಯಾಗಿ ಉಂಡಿಲ್ಲವೆಂದು ನಾಲ್ಕನೆಯದನ್ನು ತಿನ್ನುವಾಗ ಹೇಳಿದಳು.

ತಿರುಗಿ ಬರುವ ಬಸ್ಸಿನಲ್ಲಿ, ಭೀಮೆಯ ಸೇತುವೆ ದಾಟಿದ ಮೇಲೆ ಚಿಗಪ್ಪನ ಫೋನು ಬಂತು. ಸಂಜೆಯವರೆಗೆ ಕಾಯದೆ ಮಧ್ಯಾಹ್ನವೇ ಮಾಡಿದ್ದ. ಅವನ ಧ್ವನಿ ನನಗೂ ಕೇಳುತ್ತಿತ್ತು.

“ತಗೊಂಡ್ರೇನು?”

“ತಗೊಂಡ್ರು.”

“ಹನ್ನೊಂದೂ?”

“ಹನ್ನೊಂದೂ.”

ಆಮೇಲೆ ಅವನು, ಇವತ್ತು ಒಂದು ದೊಡ್ಡ ಬಂಡೆಯ ನೆರಳಿಗೆ ಬಂದಿದ್ದೇವೆ, ಹತ್ತಿರದಲ್ಲೇ ಕೆರೆ ಇದೆ ಎಂದು ಶುರುಮಾಡಿದ. ಚಿಗವ್ವ ಕೌದಿಗಳನ್ನು ನನ್ನ ತೊಡೆಗೆ ದೂಡಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ನಿಲ್ಲು ನಿಲ್ಲು. ಒಂದ ಹಾಳಿ ಉ‍ಳದೈತಿ. ಬಂಡೆಗಲ್ಲು ಕೆರಿಯ ಯಾ ಕಡಿಗಿ ಐತಿ?”